ಈಚಲು ಮರದಿಂದ ಟೆಟ್ರಾ ಪ್ಯಾಕಿಗೆ: ಕೋಲಾರ ಸೀಮೆಯ ಕುಡಿತದ ಚರಿತ್ರೆ

ಕುಡಿತವನ್ನು ಅಳೆಯಲು ವೈದ್ಯರ ಬಳಿ ಒಂದು ಪ್ರಶ್ನಾವಳಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೊರತಂದ ಇದನ್ನು ‘ಆಡಿಟ್’ ಎಂದು ಕರೆಯುತ್ತಾರೆ. ಒಟ್ಟು ಹತ್ತು ಪ್ರಶ್ನೆ, ಹೆಚ್ಚೆಂದರೆ 40 ಅಂಕ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಒಮ್ಮೆ ಕೂತರೆ ಎಷ್ಟು ಕುಡಿಯುತ್ತೀರಿ, ಕುಡಿದ ಮರುದಿನ ಪಶ್ಚಾತ್ತಾಪ ಆಗುತ್ತದೆಯೇ, ಯಾರಾದರೂ ಬಿಡಲು ಹೇಳಿದ್ದಾರೆಯೇ ಎಂದು ಕೇಳುತ್ತಾ ಹೋಗುತ್ತದೆ. ಎಂಟು ಅಂಕ ಮುಟ್ಟಿದರೆ ಅಪಾಯದ ಗೆರೆ ದಾಟಿದಂತೆ. ಸಮೀಕ್ಷೆಗೆ ಹೊರಟವರ ಕೈಯಲ್ಲಿ ಇದರ ಜೊತೆ ಇನ್ನೊಂದು ಹಾಳೆಯೂ ಇರುತ್ತದೆ. ಅದು ಕುಟುಂಬದ ಸಾಮಾಜಿಕ, ಆರ್ಥಿಕ ಹಿನ್ನೆಲೆಯನ್ನು ಅಳೆಯುವ ಹಾಳೆ. ಪಟ್ಟಣವಾದರೆ ಓದು, ಉದ್ಯೋಗ, ಆದಾಯ ಮೂರಕ್ಕೂ ಅಂಕ ಕೊಡುವ ಕುಪ್ಪುಸ್ವಾಮಿ ಮಾಪಕ. ಹಳ್ಳಿಯಾದರೆ ಸಾಮಾನ್ಯವಾಗಿ ತಲಾ ಆದಾಯ ನೋಡುವ, 1961ರಷ್ಟು ಹಳೆಯದಾದ ಬಿ.ಜಿ. ಪ್ರಸಾದ್ ಮಾಪಕ.

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ ತೆರನಾದದ್ದು. ಓದು ಕಡಿಮೆಯಾದಷ್ಟೂ, ಆದಾಯ ಇಳಿದಷ್ಟೂ, ದಿನಗೂಲಿಯ ಮೇಲೆ ಬದುಕು ನಿಂತಷ್ಟೂ ಗಂಡಸರ ಕುಡಿತ ಮತ್ತು ಅದರ ಕೇಡು ಹೆಚ್ಚು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದ ಸುಶಿಕ್ಷಿತರು ಸುಲಭವಾಗಿ ತಲುಪುವ ತೀರ್ಮಾನವೊಂದಿದೆ: ಬಡವರು ಕುಡಿಯುತ್ತಾರೆ, ಕುಡಿಯುವುದರಿಂದಲೇ ಬಡವರಾಗಿದ್ದಾರೆ. ‘ಹಿನ್ನೆಲೆ’ ಎಂಬ ಪದ ಇಲ್ಲಿ ಗೋಡೆಗೆ ತೂಗುಹಾಕಿದ ಪಟದಂತೆ ನಿಂತುಬಿಡುತ್ತದೆ. ಆ ಹಿನ್ನೆಲೆ ಹೇಗೆ ತಯಾರಾಯಿತು, ಯಾರು ತಯಾರು ಮಾಡಿದರು ಎಂದು ಪ್ರಶ್ನಾವಳಿ ಕೇಳುವುದಿಲ್ಲ. ಅದು ಚರಿತ್ರೆಯ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ.

ನನ್ನ ಪಿಎಚ್.ಡಿ. ಅಧ್ಯಯನ ಹಳೆ ಮೈಸೂರಿನ ಅಬಕಾರಿ ಆಡಳಿತದ ಮೇಲೆ. ಅದಕ್ಕಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತುತ್ತಿದ್ದೇನೆ. ಹೋದಲ್ಲೆಲ್ಲ ಹೆಂಗಸರು ಮೊದಲು ಕೇಳುವುದು ಒಂದೇ ಮಾತು: “ಓದಾಕೆ ಬೇರೆ ಏನೂ ಸಿಗ್ಲಿಲ್ವಾ ಅಮ್ಮಣ್ಣಿ?” ಹಾಗೆಂದು ನಗುತ್ತಲೇ ಪಕ್ಕದಲ್ಲಿ ಕೂರಿಸಿಕೊಂಡು, ನಾನು ಕೇಳದಿದ್ದ ಸಂಗತಿಗಳನ್ನೂ ಹೇಳುವವರು ಅವರೇ. ಗಂಡಸರು ಹೆಂಡದ ಬಗ್ಗೆ ಮಾತಾಡಿದರೆ ರುಚಿಯ ಬಗ್ಗೆ ಆಡುತ್ತಾರೆ. ಹೆಂಗಸರು ದುಡ್ಡಿನ ಬಗ್ಗೆ ಆಡುತ್ತಾರೆ. ಚರಿತ್ರೆ ಬರೆಯಲು ಎರಡೂ ಬೇಕು.

ಈ ನಾಲ್ಕು ತಾಲ್ಲೂಕುಗಳು ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಸೀಮೆ. ಒಂದೂರಿನಲ್ಲಿ ಕನ್ನಡ, ಪಕ್ಕದೂರಿನಲ್ಲಿ ತೆಲುಗು, ಮಾಲೂರಿನ ಗಡಿಯಲ್ಲಿ ತಮಿಳು. ಹಾಗಾಗಿ ಒಂದೇ ಪಾನೀಯಕ್ಕೆ ಹೆಂಡ, ಸೇಂದಿ, ಕಳ್ಳು ಎಂಬ ಹೆಸರುಗಳೆಲ್ಲ ಇಲ್ಲಿ ಓಡಾಡುತ್ತವೆ. ಕೆರೆಯ ಹಿಂದಣ ತಗ್ಗು, ಹಳ್ಳದ ದಂಡೆ, ಮರಳು ಮಿಶ್ರಿತ ಬೀಳು, ಎಲ್ಲಿ ನೆಲದಡಿ ಒಂದಿಷ್ಟು ತೇವ ಉಳಿಯುತ್ತದೋ ಅಲ್ಲೆಲ್ಲ ಈಚಲು ಬೆಳೆಯುತ್ತಿತ್ತು. ಅದರ ಗರಿಯಿಂದ ಪೊರಕೆ ಮತ್ತು ಚಾಪೆ, ಹಣ್ಣು ಮಕ್ಕಳಿಗೆ, ರಸ ಹೆಂಡಕ್ಕೆ. ಮರ ಗೀರಿ ರಸ ಇಳಿಸುವ ಕಸುಬು ಪರಂಪರೆಯಿಂದ ಈಡಿಗರದು. ಹೊತ್ತು ಮೂಡುವ ಮುಂಚೆ ಇಳಿಸಿದ್ದು ಸಿಹಿ ನೀರಾ. ಬಿಸಿಲೇರಿದಂತೆ ಹುಳಿತು ಹೆಂಡವಾಗುತ್ತದೆ. ಮರುದಿನಕ್ಕೆ ಇಟ್ಟರೆ ಬಾಯಿಗಿಡಲಾಗದಷ್ಟು ಹುಳಿ.

ಈ ಕೊನೆಯ ಸಂಗತಿ ಬಹಳ ಮುಖ್ಯ. ಇಟ್ಟುಕೊಳ್ಳಲಾಗದ ಪಾನೀಯವನ್ನು ದೂರ ಸಾಗಿಸಲೂ ಆಗುವುದಿಲ್ಲ, ದಾಸ್ತಾನು ಮಾಡಲೂ ಆಗುವುದಿಲ್ಲ. ಅದನ್ನು ಇಳಿಸಿದ ಕಡೆಯೇ, ಇಳಿಸಿದ ದಿನವೇ, ನಾಲ್ಕು ಜನರ ನಡುವೆ ಕುಡಿಯಬೇಕು. ಹೆಂಡದಲ್ಲಿ ಆಲ್ಕೊಹಾಲಿನ ಪ್ರಮಾಣ ಸುಮಾರು ಶೇಕಡಾ 4ರಿಂದ 5. ಹೆಂಡ ಕುಡಿದು ಜಗಳವಾಡಿದವರು, ಮನೆ ಕಳೆದುಕೊಂಡವರು ಇರಲಿಲ್ಲವೆಂದಲ್ಲ. ಹಳೆಯದನ್ನು ಹೊನ್ನಿನ ಕಾಲವೆಂದು ತೋರಿಸುವ ಆಸೆ ನನಗಿಲ್ಲ. ಹೆಂಡ ಕುಡಿಯುವ ಜಾತಿ, ಕುಡಿಯದ ಜಾತಿ ಎಂಬ ಗೆರೆ ಆಗಲೇ ಗಟ್ಟಿಯಾಗಿತ್ತು. ಆ ಗೆರೆಯ ಪ್ರಕಾರವೇ ಮನುಷ್ಯರ ಬೆಲೆ ಕಟ್ಟಲಾಗುತ್ತಿತ್ತು. ಎಂ.ಎನ್. ಶ್ರೀನಿವಾಸರು ‘ಸಂಸ್ಕೃತೀಕರಣ’ವನ್ನು ವಿವರಿಸುವಾಗ, ಕೆಳಗಿನ ಜಾತಿಯೊಂದು ಮೇಲೇರಬೇಕಾದರೆ ಮಾಂಸದ ಜೊತೆ ಮದ್ಯವನ್ನೂ ಬಿಡುತ್ತಿತ್ತು ಎಂದು ಗುರುತಿಸಿದ್ದು ಇದನ್ನೇ. ಕುಡಿಯದಿರುವುದು ಆರೋಗ್ಯದ ಮಾತಾಗುವ ಮುಂಚೆ ಅಂತಸ್ತಿನ ಮಾತಾಗಿತ್ತು.

ಆಳುವವರ ಕಣ್ಣು ಈ ಮರದ ಮೇಲೆ ಬಿದ್ದದ್ದು ಇಂದು ನಿನ್ನೆಯಲ್ಲ. ಇದೇ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು ಮದ್ಯ ನಿಷೇಧಿಸಲು ಆಜ್ಞೆ ಹೊರಡಿಸಿದ್ದ. ಅವನ ನಂತರ ಬಂದ ಆಡಳಿತಗಳಿಗೆ ನಿಷೇಧಕ್ಕಿಂತ ವರಮಾನ ಹಿಡಿಸಿತು. ಮೈಸೂರು ಸಂಸ್ಥಾನದಲ್ಲಿ ಅಬಕಾರಿ ದೊಡ್ಡ ಆದಾಯಗಳಲ್ಲಿ ಒಂದಾಗಿ ಬೆಳೆಯಿತು. ಸರ್ಕಾರದ ಈಚಲ ವನಗಳು, ಮರಕ್ಕಿಷ್ಟು ಎಂಬ ಸುಂಕ, ಹರಾಜಿನಲ್ಲಿ ಅಂಗಡಿ ಹಿಡಿಯುವ ಗುತ್ತಿಗೆದಾರ, ಇವೆಲ್ಲ ಸೇರಿ ಒಂದು ವ್ಯವಸ್ಥೆಯಾಯಿತು. ಮರ ಹತ್ತುವವನ ಕೈಯಿಂದ ವ್ಯವಹಾರ ಜಾರಿ, ಹರಾಜಿನಲ್ಲಿ ಹೆಚ್ಚು ಕೂಗಬಲ್ಲವನ ಕೈಗೆ ಹೋಯಿತು. ಗುತ್ತಿಗೆಗೆ ಹಾಕಿದ ಹಣ ವರ್ಷದೊಳಗೆ ವಾಪಸು ಬರಬೇಕು. ಹಾಗೆ ಬರಬೇಕಾದರೆ ಜನ ಹೆಚ್ಚು ಕುಡಿಯಬೇಕು. ಗುತ್ತಿಗೆದಾರ ಒಳ್ಳೆಯವನೋ ಕೆಟ್ಟವನೋ ಎಂಬುದು ಇಲ್ಲಿ ಬರುವುದೇ ಇಲ್ಲ. ವ್ಯವಸ್ಥೆಯ ಲೆಕ್ಕವೇ ಹಾಗಿತ್ತು.

ಸಾಹಿತ್ಯದ ಓದುಗರಿಗೆ ಇಲ್ಲೊಂದು ಕುತೂಹಲದ ಸಂಗತಿ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದ ಸೇವೆಯಲ್ಲಿ ಅಬಕಾರಿ ಕಮಿಷನರ್ ಹುದ್ದೆಯನ್ನೂ ನಿರ್ವಹಿಸಿದವರು. ಸಣ್ಣಕತೆಯ ಹಿರಿಯರೆಂದು ನಾವು ಗೌರವಿಸುವ ಲೇಖಕರ ಮೇಜಿನ ಮೇಲೆ ಸಂಸ್ಥಾನದ ಹೆಂಡ, ಸಾರಾಯಿಗಳ ಕಡತಗಳೂ ಇದ್ದವು. ಇತ್ತ 1930ರ ದಶಕದಲ್ಲೇ ಜಿ.ಪಿ. ರಾಜರತ್ನಂ ಅವರ ‘ಎಂಡ್ಕುಡ್ಕ ರತ್ನ’ ತನ್ನದೇ ಆಡುಮಾತಿನಲ್ಲಿ ಹಾಡತೊಡಗಿದ್ದ. ಕುಡುಕನಿಗೂ ಒಂದು ಮನಸ್ಸು, ಒಂದು ಹೆಂಡತಿ, ಒಂದು ನುಡಿಯ ಹೆಮ್ಮೆ ಇರುತ್ತದೆಂದು ಕನ್ನಡ ಕಾವ್ಯಕ್ಕೆ ಹೊಳೆದದ್ದು ಅವನಿಂದ. ಆ ಕಾಲದ ವಿದ್ಯಾವಂತ ಸಮಾಜಕ್ಕೆ ಹೆಂಡಗುಡುಕನ ಜೊತೆ ಎರಡು ಬಗೆಯ ನಂಟಿತ್ತು ಎನ್ನಬಹುದು. ಅವನ ಹಾಡಿಗೆ ಮನಸೋಲುತ್ತಿತ್ತು. ಅವನ ಕಾಸಿನಿಂದ ಖಜಾನೆ ತುಂಬುತ್ತಿತ್ತು. ಎರಡನೆಯದನ್ನು ಹೆಚ್ಚು ಮಾತಾಡುತ್ತಿರಲಿಲ್ಲ.

ಸ್ವಾತಂತ್ರ್ಯ ಚಳವಳಿ ಇದನ್ನು ಮಾತಾಡುವಂತೆ ಮಾಡಿತು. ಇಲ್ಲಿ ಕೋಲಾರದ ಭೂಗೋಳವೇ ಒಂದು ಪಾತ್ರವಾಗುತ್ತದೆ. ರಾಜಾಜಿ ಮದ್ರಾಸಿನ ಪ್ರಧಾನಿಯಾದ ಮೇಲೆ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಆಗ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. ಹೊಸೂರಿಗೆ ಅಂಟಿಕೊಂಡಿರುವುದು ನಮ್ಮ ಮಾಲೂರು. ಮರುವರ್ಷ ನಿಷೇಧ ಚಿತ್ತೂರು ಮತ್ತು ಕಡಪಕ್ಕೆ, 1939ರಲ್ಲಿ ಉತ್ತರ ಆರ್ಕಾಟಿಗೆ ಹಬ್ಬಿತು. ಆಗಿನ ಚಿತ್ತೂರು ಜಿಲ್ಲೆಗೆ ಅಂಟಿಕೊಂಡಿದ್ದವು ಮುಳಬಾಗಿಲು ಮತ್ತು ಶ್ರೀನಿವಾಸಪುರ. ಎರಡೇ ವರ್ಷಗಳಲ್ಲಿ ಈ ಸೀಮೆಯ ಪೂರ್ವ, ದಕ್ಷಿಣದ ಗಡಿಗಳಾಚೆ ಅಂಗಡಿಗಳು ಮುಚ್ಚಿದವು. ಗಡಿಯೀಚೆ ಮಹಾರಾಜರ ರಾಜ್ಯದಲ್ಲಿ ತೆರೆದೇ ಇದ್ದವು. ನಿಷೇಧದಿಂದ ಕಳೆದುಕೊಂಡ ವರಮಾನ ತುಂಬಿಕೊಳ್ಳಲು ಮದ್ರಾಸು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದಿತು. ಅಂಗಡಿಯಲ್ಲಿ ನಾವು ಏನೇ ಕೊಂಡರೂ ಕಟ್ಟುವ ತೆರಿಗೆಯ ಬೇರು, ಹೀಗೆ, ನಿಂತುಹೋದ ಹೆಂಡದ ಅಂಗಡಿಗಳಲ್ಲಿದೆ.

ಗಡಿಯ ಈ ಆಟ ಅಲ್ಲಿಗೆ ಮುಗಿಯಲಿಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ವಿರುದ್ಧ ಎದ್ದು ನಿಂತರು. 1993ರಲ್ಲಿ ಆಂಧ್ರದಲ್ಲಿ ಸಾರಾಯಿ, 1995ರಲ್ಲಿ ಎನ್.ಟಿ. ರಾಮರಾವ್ ಸರ್ಕಾರದಿಂದ ಎಲ್ಲ ಮದ್ಯವೂ ನಿಷೇಧವಾಯಿತು. 1997ರಲ್ಲಿ ಆ ನಿಷೇಧ ಸಡಿಲವಾಯಿತು. ಅಷ್ಟು ಕಾಲವೂ ಗಡಿಯ ಈಚೆಗಿನ ಅಂಗಡಿಗಳಿಗೆ ಆಚೆಯ ಊರುಗಳೇ ಗಿರಾಕಿ. ಎರಡು ಸರ್ಕಾರಗಳ ನೀತಿಯಲ್ಲಿ ವ್ಯತ್ಯಾಸವಾದಾಗಲೆಲ್ಲ ನಂಗಲಿಯ ಹೆದ್ದಾರಿಯ ಬದಿಯ ಹಳ್ಳಿಗಳಿಗೆ ಹೊಸದೊಂದು ಜೀವನೋಪಾಯ ಹುಟ್ಟುತ್ತದೆ, ಜೊತೆಗೆ ಹೊಸ ಮೊಕದ್ದಮೆಗಳೂ. ಸಮೀಕ್ಷೆಯ ಹಾಳೆಯಲ್ಲಿ ‘ಗಡಿಗೆ ಎಷ್ಟು ದೂರ’ ಎಂಬ ಅಂಕಣ ಇರುವುದಿಲ್ಲ. ಈ ಹಳ್ಳಿಗಳಲ್ಲಿ ಅದೂ ಹಿನ್ನೆಲೆಯ ಒಂದು ಭಾಗ.

ಮತ್ತೆ 1939ಕ್ಕೆ ಬರೋಣ. ಆ ವರ್ಷ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದುರುಳಿಸುವ ಸತ್ಯಾಗ್ರಹ ನಡೆಯಿತು. ಅದರ ಮುಂಚೂಣಿಯಲ್ಲಿದ್ದವರು ಎಸ್. ನಿಜಲಿಂಗಪ್ಪ. ಸ್ವಾತಂತ್ರ್ಯ ಬಂತು, ಸಂವಿಧಾನದ 47ನೇ ವಿಧಿ ಪಾನನಿಷೇಧವನ್ನು ರಾಜ್ಯದ ಧ್ಯೇಯವೆಂದು ಸಾರಿತು, ಮೈಸೂರು ರಾಜ್ಯವೂ ಹಂತಹಂತವಾಗಿ ನಿಷೇಧದ ದಾರಿ ಹಿಡಿಯಿತು. 1967ರಲ್ಲಿ ರಾಜ್ಯ ಆ ನಿಷೇಧವನ್ನು ಕೈಬಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು. ಇದನ್ನು ಒಬ್ಬ ವ್ಯಕ್ತಿಯ ಬದಲಾವಣೆಯೆಂದು ಓದಿದರೆ ಚರಿತ್ರೆ ತಪ್ಪಿಹೋಗುತ್ತದೆ. ಚಳವಳಿಗಾರನಿಗೆ ಮರ ಕಾಣುತ್ತದೆ, ಆಡಳಿತಗಾರನಿಗೆ ಆಯವ್ಯಯ ಕಾಣುತ್ತದೆ. ಕಾನೂನು ಪಾಲಿಸುವಂತೆ ಮಾಡುವುದಕ್ಕೆ ಖರ್ಚು, ಕಳ್ಳಭಟ್ಟಿಯ ಕಾಟ, ವರಮಾನದ ನಷ್ಟ, ಮೂರೂ ಒಟ್ಟಿಗೆ ಬಂದಾಗ ಧ್ಯೇಯ ಹಿಂದೆ ಸರಿಯಿತು.

ಅಲ್ಲಿಂದ ಮುಂದೆ ಈ ಸೀಮೆಯಲ್ಲಿ ಸಾರಾಯಿಯ ಕಾಲ. ಸಾರಾಯಿ ಈಚಲಿನದಲ್ಲ, ಕಬ್ಬಿನ ಕಾಕಂಬಿಯಿಂದ ಕಾರ್ಖಾನೆಯಲ್ಲಿ ಬಟ್ಟಿ ಇಳಿಸಿದ್ದು. ಅದು ಕೆಡುವುದಿಲ್ಲ. ಪ್ಲಾಸ್ಟಿಕ್ ಪಾಕೆಟ್ ಬಂದ ಮೇಲೆ ಗೂಡಂಗಡಿಗೂ ತಲುಪಿತು, ಜೇಬಿನಲ್ಲೂ ಹಿಡಿಸಿತು. ಚುನಾವಣೆಯ ರಾತ್ರಿ ಹಂಚಲೂ ಅನುಕೂಲ. ಹೆಂಡವನ್ನು ಹಾಗೆ ಹಂಚಲು ಸಾಧ್ಯವಿತ್ತೇ?

ಇದೇ ಹೊತ್ತಿನಲ್ಲಿ ಕೆಳಗಿನ ನೆಲವೂ ಬದಲಾಗುತ್ತಿತ್ತು. 1980ರ ದಶಕದ ಆರಂಭದಲ್ಲಿ ವಂದನಾ ಶಿವ, ಎಚ್.ಸಿ. ಶರತ್ಚಂದ್ರ ಮತ್ತು ಜೆ. ಬಂದ್ಯೋಪಾಧ್ಯಾಯ ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯದ ಬಗ್ಗೆ ನಡೆಸಿದ ಅಧ್ಯಯನ ಹೆಸರಾಗಿದೆ. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀಲಗಿರಿ ನುಗ್ಗುತ್ತಿರುವುದನ್ನು, ಅದರಿಂದ ಕೂಲಿಯ ದಿನಗಳು ಕಡಿಮೆಯಾಗುವುದನ್ನು ಅದು ಎತ್ತಿ ತೋರಿಸಿತು. ರಾಗಿಗೆ ಉಳಬೇಕು, ಬಿತ್ತಬೇಕು, ಕಳೆ ಕೀಳಬೇಕು, ಕೊಯ್ಯಬೇಕು, ಕಣ ಮಾಡಬೇಕು. ನೀಲಗಿರಿ ನೆಟ್ಟರೆ ಕಡಿಯುವ ವರ್ಷದವರೆಗೆ ಹೊಲದಲ್ಲಿ ಮನುಷ್ಯರ ಸುಳಿವೇ ಬೇಕಿಲ್ಲ. ಹೊಲದ ಕೂಲಿಯಲ್ಲಿ ಒಂದು ಪಾಲು ಕಾಳಾಗಿ ಮನೆಗೆ ಬರುತ್ತಿತ್ತು. ಆ ಕೂಲಿ ಕಳೆದುಕೊಂಡವರು ಮಾಲೂರಿನ ಹೆಂಚು, ಇಟ್ಟಿಗೆಯ ಗೂಡುಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಹೋದರು. ಅಲ್ಲಿ ಕೂಲಿ ನಗದು, ಅದೂ ವಾರಕ್ಕೊಮ್ಮೆ ಬಟವಾಡೆ.

ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ವರ್ಷಗಟ್ಟಲೆ ದುಡಿದ ಅಜ್ಜಿಯೊಬ್ಬರು ನನಗೆ ಅರ್ಥಶಾಸ್ತ್ರದ ಪಾಠ ಹೇಳಿದ್ದು ಹೀಗೆ. ರಾಗಿ ಕೂಲಿಯಾಗಿ ಬಂದರೆ ಅದು ಮೊದಲು ಬೀಸುವ ಕಲ್ಲಿಗೆ ಬರುತ್ತದೆ. ಗಂಡಸು ಅದನ್ನು ಅಂಗಡಿಗೆ ಕೊಡಬೇಕಾದರೆ ಹೆಂಡತಿಯ ಕಣ್ಣು ತಪ್ಪಿಸಿ ಮೂಟೆ ಹೊರಬೇಕು. ದುಡ್ಡಾಗಿ ಬಂದರೆ ಅದು ಮೊದಲು ಜೇಬಿಗೆ ಬರುತ್ತದೆ, ಜೇಬು ಅಂಗಡಿಯ ಮುಂದೆ ಹಾದು ಬರುತ್ತದೆ. ಬಟವಾಡೆಯ ದಿನ ಗೂಡಿನ ಹತ್ತಿರವೇ ಪಾಕೆಟ್ ಮಾರಾಟ ಯಾಕೆ ಜೋರಾಗಿರುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ. ಗಂಡಸರ ನಡತೆಯ ಮೇಲೆ ಹೊರಿಸುವ ಹೊರೆಯಲ್ಲಿ ಒಂದಷ್ಟನ್ನು ಕೂಲಿಯ ರೂಪದ ಮೇಲೂ ಹೊರಿಸಬೇಕು. ಹಾಲಿನ ಸಂಘದ ದುಡ್ಡಿನ ಬಗ್ಗೆ ಇದೇ ಹೆಂಗಸರು ಆಡುವ ಮಾತು ಬೇರೆ. ಹಸು ಕರೆಯುವುದು ತಾವು, ಡೇರಿಗೆ ಹಾಕುವುದು ತಾವು. ಆ ಬಟವಾಡೆ ತಮ್ಮ ಕೈಗೆ ಬಂದ ಮನೆಗಳಲ್ಲಿ ಅದು ಮನೆ ತಲುಪುವುದು ಹೆಚ್ಚು ಎನ್ನುತ್ತಾರೆ.

ಈ ಸಂಬಂಧವನ್ನು ಸಂಶೋಧಕರಿಗಿಂತ ಮೊದಲು ಹೇಳಿದವರು ಚಳವಳಿಯವರು. ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 30ರಷ್ಟು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲೇ ಅತಿ ಹೆಚ್ಚಿನ ಪ್ರಮಾಣವಿದು. 1970, 80ರ ದಶಕಗಳಲ್ಲಿ ದಲಿತ ಸಂಘರ್ಷ ಸಮಿತಿ ಇಲ್ಲಿ ಹಳ್ಳಿಹಳ್ಳಿಗೆ ಹಬ್ಬಿತು. ಸರ್ಕಾರ ಕೇರಿಗೆ ಹೆಂಡದಂಗಡಿ ಕೊಡುವ ಬದಲು ವಸತಿ ಶಾಲೆ ಕೊಡಲಿ, ಭೂಮಿ ಕೊಡಲಿ ಎಂಬುದು ಆ ಚಳವಳಿಯ ಬೇಡಿಕೆಗಳಲ್ಲಿ ಒಂದಾಗಿತ್ತು. ಈ ಬೇಡಿಕೆಯ ಚೆಲುವನ್ನು ಗಮನಿಸಿ. ಅದು ಕುಡಿಯುವವನನ್ನು ಬೈಯುತ್ತಿಲ್ಲ. ನಿಮ್ಮ ಆಯವ್ಯಯದಲ್ಲಿ ನಮಗಾಗಿ ಏನನ್ನು ತೆರೆಯುತ್ತೀರಿ ಎಂದು ಸರ್ಕಾರವನ್ನು ಕೇಳುತ್ತಿದೆ. ಗಾಂಧಿಯುಗದ ಪಾನನಿಷೇಧ ಬಡವನ ಚಟ ಬಿಡಿಸಲು ಹೊರಟಿತ್ತು. ದಲಿತ ಚಳವಳಿ ಚಟದ ಜಾಗದಲ್ಲಿ ಶಾಲೆಯನ್ನು ಕೇಳಿತು.

ಸರ್ಕಾರ ಶಾಲೆಗಳನ್ನೂ ತೆರೆಯಿತು, ನಿಜ. ಮದ್ಯದ ವಿಷಯದಲ್ಲಿ ಅದು ಹಿಡಿದ ದಾರಿ ಬೇರೆಯಾಗಿತ್ತು. 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಹುಟ್ಟಿ ಮದ್ಯದ ಸಗಟು ವ್ಯಾಪಾರ ಸರ್ಕಾರದ ಕೈಗೆ ಬಂತು. ಸೇಂದಿಗೆ ಕಲಬೆರಕೆಯಾಗುತ್ತಿದೆ ಎಂಬ ಕಾರಣ ಕೊಟ್ಟು 2004ರ ಹೊತ್ತಿಗೆ ಕರಾವಳಿ ಬಿಟ್ಟು ಉಳಿದೆಡೆ ಅದನ್ನು ನಿಲ್ಲಿಸಲಾಯಿತು. ಕಲಬೆರಕೆ ಸುಳ್ಳಲ್ಲ, ಆದರೆ ಕಲಬೆರಕೆ ತಡೆಯುವ ಬದಲು ಮರವನ್ನೇ ನಿಷೇಧಿಸಿದಂತಾಯಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಜುಲೈ 1 ಎಂದರೆ ಅಬಕಾರಿ ವರ್ಷ ಶುರುವಾಗುವ ದಿನ. ಕೇರಿಯ ಹೆಂಗಸರು ಆ ದಿನ ಸಂತೋಷಪಟ್ಟದ್ದನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಪಾಕೆಟ್ ಇಲ್ಲದ ಮೊದಲ ಕೆಲವು ವಾರ ಊರು ಹಗುರವಾಗಿತ್ತು ಎನ್ನುತ್ತಾರೆ.

ಒಂದು ವರ್ಷವೂ ತುಂಬಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಗಳಲ್ಲಿ ಕಳ್ಳಸಾರಾಯಿ ಕುಡಿದು 100ಕ್ಕೂ ಹೆಚ್ಚು ಜನ ಸತ್ತರು. ಮಿಥೈಲ್ ಆಲ್ಕೊಹಾಲು ಸೇರಿದ ಸಾರಾಯಿ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು ಸುಡುತ್ತದೆ. ಸತ್ತವರಲ್ಲಿ ಬಹುಪಾಲು ಕೂಲಿಯವರು. ಅಗ್ಗದ ಸಾರಾಯಿ ಕಾನೂನಿನಿಂದ ಮಾಯವಾದ ಮೇಲೆ, ಕಾನೂನಿನ ಮದ್ಯ ಕೊಳ್ಳುವಷ್ಟು ಕಾಸಿಲ್ಲದವರ ಪಾಲಿಗೆ ಬಂದದ್ದು ಇದು. ಉಳಿದವರು ನಿಧಾನವಾಗಿ ಸರ್ಕಾರದ ಮುದ್ರೆಯಿರುವ ವಿಸ್ಕಿ, ಬ್ರಾಂದಿಗೆ ಸರಿದರು. ಹಳ್ಳಿಗಳ ಆಸುಪಾಸಿಗೆ ಎಂ.ಎಸ್.ಐ.ಎಲ್. ಮಳಿಗೆಗಳು ಬಂದವು. ಗಾಜಿನ ಬಾಟಲಿಯ ಜಾಗಕ್ಕೆ 90 ಮಿಲಿಲೀಟರಿನ ಟೆಟ್ರಾ ಪ್ಯಾಕ್ ಬಂತು.

ಈಗ ಒಂದು ಸರಳ ಲೆಕ್ಕ ಮಾಡೋಣ. ನಮ್ಮ ವಿಸ್ಕಿಯಲ್ಲಿ ಆಲ್ಕೊಹಾಲು ಶೇಕಡಾ 42.8. ಅಂಗೈಯಲ್ಲಿ ಹಿಡಿಸುವ 90 ಮಿಲಿಲೀಟರ್ ಪ್ಯಾಕಿನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೊಹಾಲಿರುತ್ತದೆ. ಅಷ್ಟೇ ಆಲ್ಕೊಹಾಲಿಗೆ ಈಚಲು ಹೆಂಡವಾದರೆ ಮುಕ್ಕಾಲು ಲೀಟರಿನಿಂದ ಒಂದು ಲೀಟರಿನವರೆಗೆ ಕುಡಿಯಬೇಕು. ಹೊಟ್ಟೆಯೇ ಬೇಡ ಎನ್ನುವ ಪ್ರಮಾಣವದು, ಕುಡಿಯಲು ಸಂಜೆಯೆಲ್ಲ ಬೇಕು. ಪ್ಯಾಕು ಎರಡು ನಿಮಿಷದ ಕೆಲಸ. ಆಡಿಟ್ ಪ್ರಶ್ನಾವಳಿ 10 ಗ್ರಾಂ ಆಲ್ಕೊಹಾಲನ್ನು ಒಂದು ಅಳತೆಯೆಂದು ಹಿಡಿಯುತ್ತದೆ. ಅದರ ಮೂರನೆಯ ಪ್ರಶ್ನೆ, ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಅಳತೆ ಕುಡಿಯುವುದು ಎಷ್ಟು ಸಲ ಎಂಬುದು. ಒಂದು ‘ಕ್ವಾರ್ಟರ್’ ಎಂದರೆ 180 ಮಿಲಿಲೀಟರ್, ಸರಿಯಾಗಿ ಆರು ಅಳತೆ. ಅಜ್ಜ ಈಚಲ ವನದಲ್ಲಿ ಮುಟ್ಟಲು ಕಷ್ಟಪಡಬೇಕಿದ್ದ ಅಪಾಯದ ಗೆರೆ ಮೊಮ್ಮಗನಿಗೆ ಒಂದೇ ಪೊಟ್ಟಣದಲ್ಲಿ ಸಿಗುತ್ತದೆ. ಒಂದು ಶತಮಾನದ ಸುಧಾರಣೆಗಳು ಸೌಮ್ಯವಾದದ್ದನ್ನು ಮೊದಲು ತೆಗೆದುಹಾಕಿ, ತೀಕ್ಷ್ಣವಾದದ್ದನ್ನು ಉಳಿಸಿಕೊಂಡವು. ಪ್ರತಿ ಸಲವೂ ಕಾರಣ ಬಡವರ ಹಿತವೆಂದೇ ಹೇಳಲಾಯಿತು. ಪ್ರತಿ ಸಲವೂ ಬಡವನ ಕೂಲಿಯಿಂದ ಹೊರಗೆ ಹೋಗುವ ಪಾಲು ಬೆಳೆಯಿತು, ಅದು ಊರಿನಾಚೆ ಹೋಗುವ ದೂರವೂ ಬೆಳೆಯಿತು.

ಕುಡಿತದ ಲೆಕ್ಕವನ್ನೂ ಸರಿಯಾಗಿ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುವವರು ಶೇಕಡಾ 16.5, ಹೆಂಗಸರಲ್ಲಿ ಶೇಕಡಾ 0.9. ಜನ ಸಮೀಕ್ಷೆಯವರ ಮುಂದೆ ಸ್ವಲ್ಪ ಮುಚ್ಚಿಡುತ್ತಾರೆ ಎಂದಿಟ್ಟುಕೊಂಡರೂ, ಬಹುಪಾಲು ಗಂಡಸರು ಕುಡಿಯುವುದಿಲ್ಲ. ಬಹುಪಾಲು ಬಡ ಗಂಡಸರೂ ಕುಡಿಯುವುದಿಲ್ಲ. ‘ಆ ಕೇರಿಯವರೆಲ್ಲ ಕುಡುಕರು’ ಎಂಬ ಮಾತು ಅಂಕಿಅಂಶದಿಂದ ಹುಟ್ಟಿದ್ದಲ್ಲ, ಜಾತಿಯಿಂದ ಹುಟ್ಟಿದ್ದು.

ಇನ್ನೊಂದು ಸಂಗತಿ ಬ್ರಿಟನ್ನಿನಂಥ ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ. ಅಲ್ಲಿ ಬಡವರು ಉಳ್ಳವರಿಗಿಂತ ಹೆಚ್ಚು ಕುಡಿಯದೆ ಇದ್ದರೂ, ಕುಡಿತದ ಕಾಯಿಲೆ ಮತ್ತು ಸಾವು ಬಡವರಲ್ಲೇ ಹೆಚ್ಚು. ಸಂಶೋಧಕರು ಇದನ್ನು ವಿರೋಧಾಭಾಸವೆಂದು ಕರೆಯುತ್ತಾರೆ. ಮುಳಬಾಗಿಲಿನ ಯಾವ ಹೆಂಗಸಿಗೂ ಇದರಲ್ಲಿ ವಿರೋಧಾಭಾಸ ಕಾಣಿಸದು. ಹೊಟ್ಟೆ ತುಂಬ ಉಂಡು ಕುಡಿಯುವವನ ಲಿವರಿಗೂ ಬರಿಹೊಟ್ಟೆಯಲ್ಲಿ ಕುಡಿಯುವವನ ಲಿವರಿಗೂ ವ್ಯತ್ಯಾಸವಿದೆ. ಕಾರಿನಲ್ಲಿ ಮನೆಗೆ ಹೋಗುವವನಿಗೂ ಕತ್ತಲಲ್ಲಿ ಹೆದ್ದಾರಿ ದಾಟುವವನಿಗೂ ವ್ಯತ್ಯಾಸವಿದೆ. ಒಬ್ಬ ಸೋಮವಾರ ಕೆಲಸಕ್ಕೆ ಹೋಗದಿದ್ದರೆ ರಜೆ ಹಾಕುತ್ತಾನೆ, ಇನ್ನೊಬ್ಬ ಕೂಲಿ ಕಳೆದುಕೊಳ್ಳುತ್ತಾನೆ. ಒಬ್ಬನ ಕುಡಿತಕ್ಕೆ ಗೋಡೆಯಿದೆ. ಇನ್ನೊಬ್ಬನದು ಬೀದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ‘ಕುಡುಕ’ ಎಂಬ ಹೆಸರು ಅಂಟಿಕೊಳ್ಳುವುದು ಎರಡನೆಯವನಿಗೆ ಮಾತ್ರ.

ಮಾಪಕಗಳು ಮನೆಯನ್ನು ಒಂದು ಘಟಕವೆಂದು ಎಣಿಸುತ್ತವೆ. ಆದರೆ ಮನೆಯೊಳಗೆ ದುಡಿಮೆ ಒಬ್ಬಳದು, ಜೇಬು ಒಬ್ಬನದು, ಏಟು ಮತ್ತೆ ಅವಳದು ಆಗಿರಬಹುದು. 2019ರ ಜನವರಿಯಲ್ಲಿ ರಾಜ್ಯದ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ನಗರದಲ್ಲಿ ಕೂತು ‘ನಿಷೇಧದಿಂದ ಏನೂ ಆಗುವುದಿಲ್ಲ’ ಎನ್ನುವುದು ಸುಲಭ. ಮೇಲೆ ಹೇಳಿದ ಚರಿತ್ರೆಯೂ ಅದನ್ನೇ ಹೇಳುವಂತೆ ತೋರುತ್ತದೆ. ಆದರೆ ಆ ಹೆಂಗಸರು ಕೇಳಿದ್ದನ್ನು ಗಮನವಿಟ್ಟು ಕೇಳಿಸಿಕೊಂಡರೆ, ನಮ್ಮ ಊರಿನಲ್ಲಿ ಅಂಗಡಿ ತೆರೆಯುವ ಮುಂಚೆ ನಮ್ಮನ್ನು ಕೇಳಿ ಎಂಬ ಮಾತೂ ಅದರಲ್ಲಿದೆ. ಇಡೀ ಶತಮಾನದಲ್ಲಿ ಅಂಗಡಿ ತೆರೆದಾಗಲೂ ಮುಚ್ಚಿದಾಗಲೂ ಯಾರೂ ಅವರನ್ನು ಕೇಳಿರಲಿಲ್ಲ.

2025–26ರ ಮುಂಗಡಪತ್ರದಲ್ಲಿ ಕರ್ನಾಟಕ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. 2023ರಲ್ಲಿ ಮದ್ಯದ ಎಲ್ಲ ಬೆಲೆ ಶ್ರೇಣಿಗಳ ಮೇಲೂ ಸುಂಕ ಶೇಕಡಾ 20ರಷ್ಟು ಏರಿತು. ಮರುವರ್ಷ ಶ್ರೇಣಿಗಳನ್ನು 18ರಿಂದ 16ಕ್ಕೆ ಇಳಿಸಿದಾಗ ಬೆಲೆ ಇಳಿದದ್ದು ದುಬಾರಿ ಮದ್ಯಕ್ಕೆ. ಮಾರಾಟದ ಬಹುಪಾಲು ಮಾತ್ರ ಅಗ್ಗದ ಶ್ರೇಣಿಗಳಿಂದಲೇ ಬರುತ್ತದೆ. ಅಂದರೆ ಇಟ್ಟಿಗೆ ಗೂಡಿನವನ, ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವವನ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾರಿ ತುಂಬುವವನ ಸಂಜೆಗಳಿಂದ. ಈ ರಾಜ್ಯದ ರಸ್ತೆಗೆ, ಶಾಲೆಗೆ, ನನ್ನಂಥವರ ಫೆಲೋಶಿಪ್ಪಿಗೆ ಸಲ್ಲುವ ಹಣದಲ್ಲಿ ಅವನ ಪಾಲೂ ಇದೆ. ಅವನ ಹೆಂಡತಿಯ ಪಾಲು ಅದಕ್ಕಿಂತ ಹೆಚ್ಚಾಗಿದೆ.

ಹೀಗಾಗಿ ಹಿನ್ನೆಲೆಗೂ ಕುಡಿತಕ್ಕೂ ಸಂಬಂಧವಿದೆಯೇ ಎಂದು ಯಾರಾದರೂ ಕೇಳಿದರೆ ಇದೆ ಎಂದೇ ನಾನು ಹೇಳುತ್ತೇನೆ. ಆದರೆ ಹಿನ್ನೆಲೆಯಲ್ಲಿ ಕುಡಿಯುವವನೊಬ್ಬನೇ ನಿಂತಿಲ್ಲ. ಹರಾಜು ಕೂಗಿದವನು, ಹೊಲಕ್ಕೆ ನೀಲಗಿರಿ ನೆಟ್ಟವನು, ಕೂಲಿಯನ್ನು ವಾರಕ್ಕೊಮ್ಮೆ ನಗದಾಗಿ ಕೊಟ್ಟವನು, ಮುಂಗಡಪತ್ರ ಮಂಡಿಸಿದವನು, ಎಲ್ಲರೂ ಇದ್ದಾರೆ. ಸಮೀಕ್ಷೆ ಮಾಡುವ ಗೆಳೆಯರಿಗೆ ನನ್ನದೊಂದು ಸಣ್ಣ ಕೋರಿಕೆ. ಆ ಹತ್ತು ಪ್ರಶ್ನೆಗಳ ಜೊತೆ ಇನ್ನೆರಡನ್ನು ಸೇರಿಸಿಕೊಳ್ಳಿ: ನಿಮ್ಮ ಮನೆಯಿಂದ ಮದ್ಯದ ಅಂಗಡಿ ಎಷ್ಟು ದೂರ? ಪ್ರೌಢಶಾಲೆ ಎಷ್ಟು ದೂರ? ಈ ನಾಲ್ಕು ತಾಲ್ಲೂಕುಗಳಲ್ಲಿ ಅದನ್ನು ಕೇಳಿ ಬರೆದುಕೊಂಡು ಬಂದರೆ, ದಲಿತ ಸಂಘರ್ಷ ಸಮಿತಿಯವರು ನಲವತ್ತು ವರ್ಷದ ಹಿಂದೆ ಇಟ್ಟ ಬೇಡಿಕೆಗೆ ಸರ್ಕಾರ ಕೊಟ್ಟ ಉತ್ತರವೇನೆಂದು ಕಿಲೋಮೀಟರುಗಳಲ್ಲೇ ಗೊತ್ತಾಗುತ್ತದೆ.